ಹತ್ತೊಂಬತ್ತು ಗುರುವಾರ ಬಂದಾಕೆ ಏನು ಕೇಳಿದಳು?

ಮಾನ್ಯ ಪರಿಶೀಲನಾಧಿಕಾರಿಗಳೇ,

ಫಲಾನುಭವಿ ಸಂಖ್ಯೆ ನೂರಾ ಹನ್ನೆರಡಕ್ಕೆ ಕಾಂಡೋಮ್ ಬಳಸುವುದು ಚೆನ್ನಾಗಿ ಗೊತ್ತು. ಮೊದಲ ದಿನವೇ ಗೊತ್ತಿತ್ತು. ನಿಮಗೂ ನನಗೂ ಪಾಠ ಹೇಳುವಷ್ಟು ಗೊತ್ತು. ಆದ್ದರಿಂದ 'ಒಬ್ಬರೇ ವ್ಯಕ್ತಿಗೆ ಐದು ತಿಂಗಳಲ್ಲಿ ಹತ್ತೊಂಬತ್ತು ಬಾರಿ ಕಾಂಡೋಮ್ ಬಳಕೆಯ ಪ್ರಾತ್ಯಕ್ಷಿಕೆ ನೀಡಿರುವುದು ಸಂದೇಹಾಸ್ಪದವಾಗಿದ್ದು, ಏಳು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು' ಎಂದು ನೀವು ಕಳಿಸಿದ ನೋಟಿಸಿಗೆ ಈ ಉತ್ತರ. ಬರೆಯಬೇಕಾದವರು ನಾನಲ್ಲ, ನಮ್ಮ ಯಜಮಾನರು. (ಯಜಮಾನರು! ಮದುವೆಯಾಗಿ ನಲವತ್ತೊಂದು ದಿನವಾಯಿತು, ಈ ಪದ ಬರೆಯುವಾಗ ಈಗಲೂ ನಗು ಬರುತ್ತದೆ.) ಅವರು ನಿಮ್ಮ ಎಚ್‌ಐವಿ ತಪಾಸಣಾ ಕೇಂದ್ರದಲ್ಲಿ ಆಪ್ತಸಮಾಲೋಚಕರು. ಮೇಲಧಿಕಾರಿಗಳ ಮುಂದೆ ದನಿ ಎತ್ತಿ ಅಭ್ಯಾಸವಿಲ್ಲ. ನನಗಿದೆ.

ನಿಮ್ಮ ಲಕೋಟೆ ಮನೆಗೆ ಬಂದಾಗ, ಮದುವೆಗೆ ಬರಲಾಗದವರು ಯಾರೋ ಕಳಿಸಿದ ಶುಭಾಶಯ ಎಂದುಕೊಂಡು ಖುಷಿಯಿಂದ ಒಡೆದೆ. ಈಚೆಗೆ ನಾನು ಹಾಗೇ ಇದ್ದೇನೆ. ಗ್ಯಾಸ್ ಪುಸ್ತಕದಲ್ಲಿ ನನ್ನ ಹೆಸರು ಸೇರಿದ್ದಕ್ಕೂ ಅಡುಗೆಮನೆಯಲ್ಲಿ ಒಂದು ಸುತ್ತು ಕುಣಿದಿದ್ದೇನೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳಾದ್ದರಿಂದ 'ಸಮಜಾಯಿಷಿ' ಎಂದರೇನೆಂದು ಅತ್ತೆಯನ್ನು ಕೇಳಬೇಕಾಯಿತು. "ತಪ್ಪು ಮಾಡಿದೋರ ಹತ್ರ ಕೇಳೋದು ಕಣಮ್ಮಾ," ಎಂದರು. ಕಾಗದ ಇಸಿದುಕೊಂಡು ಓದಿ, ಕನ್ನಡಕ ಒರೆಸಿಕೊಂಡು ಮತ್ತೆ ಓದಿ, "ಹತ್ತೊಂಬತ್ತು ಸಲಾನಾ? ಅಷ್ಟೊಂದು ಕಷ್ಟವೇನೇ ಅದು?" ಎಂದರು. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಮ್ಮವರು ಮಾತ್ರ ನಗಲಿಲ್ಲ. ನೋಟಿಸನ್ನು ಮಡಚಿ ಜೇಬಿಗಿಟ್ಟುಕೊಂಡು, "ಯಾರು ಅಂತ ಕೇಳ್ಬೇಡ, ಹೇಳಕ್ಕಾಗಲ್ಲ," ಎಂದರು. ಅವತ್ತು ಅವರಿಗೆ ಊಟ ಸೇರಲಿಲ್ಲ.

ಯಾರು ಎಂಬುದನ್ನು ಹೇಳದಿದ್ದರೂ ಯಾಕೆ ಎಂಬುದನ್ನು ಹೇಳಿದರು. ನಿಮ್ಮ ಕಂಪ್ಯೂಟರಿನಲ್ಲಿ 'ಭೇಟಿಯ ಉದ್ದೇಶ' ಎಂಬ ಕಾಲಂ ಇದೆ. ಅದರಲ್ಲಿ ಐದೇ ಐದು ಆಯ್ಕೆ. ಒಂದು, ರಕ್ತ ಪರೀಕ್ಷೆ. ಎರಡು, ಫಲಿತಾಂಶ. ಮೂರು, ಮಾತ್ರೆ. ನಾಲ್ಕು, ಕಾಂಡೋಮ್ ವಿತರಣೆ. ಐದು, ಅದರ ಬಳಕೆಯ ಪ್ರಾತ್ಯಕ್ಷಿಕೆ. ಮೊದಲ ನಾಲ್ಕಕ್ಕೆ ತಲಾ ಏಳು ನಿಮಿಷ, ಐದನೆಯದಕ್ಕೆ ಮಾತ್ರ ಅರ್ಧ ಗಂಟೆ. ಖಾಲಿ ಬಿಟ್ಟರೆ ಪರದೆ ಮುಂದಕ್ಕೆ ಹೋಗುವುದೇ ಇಲ್ಲ. ಈಗ ನೀವೇ ಹೇಳಿ: ಒಬ್ಬರು ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕುಳಿತು, "ನಿದ್ದೆ ಬರ್ತಿಲ್ಲ ಸರ್, ಇರೋದೇ ಬೇಡ ಅನ್ನಿಸ್ತಿದೆ," ಎಂದರೆ ಯಾವ ಸಂಖ್ಯೆ ಒತ್ತಬೇಕು? ನಮ್ಮವರು ಐದು ಒತ್ತಿದರು. ಯಾರಾದರೂ ಇಣುಕಿದರೆ ಪಾಠ ನಡೆಯುತ್ತಿದೆ ಎನ್ನಿಸಲಿ ಎಂದು ಮರದ ಮಾದರಿಯನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಟಿಶ್ಯೂ ಡಬ್ಬಿ ಇಟ್ಟು, ಅರ್ಧ ಗಂಟೆ ಕೇಳಿಸಿಕೊಂಡರು. ಹೀಗೆ ಹತ್ತೊಂಬತ್ತು ಗುರುವಾರ. ಸುಳ್ಳು ದಾಖಲೆ, ಒಪ್ಪಿದೆ. ನಿಜ ಬರೆಯಲು ನೀವು ಜಾಗ ಎಲ್ಲಿ ಬಿಟ್ಟಿದ್ದೀರಿ?

ನೂರಾ ಹನ್ನೆರಡು ಯಾರೆಂದು ನನಗೆ ಗೊತ್ತಾಗಿದ್ದು ಖುದ್ದು ಆಕೆಯಿಂದಲೇ. (ಈ ಬಹಿರಂಗ ಪತ್ರದಲ್ಲಿ ಅಚ್ಚಾಗಿರುವ ಸಂಖ್ಯೆ ನಿಜವಾದದ್ದಲ್ಲ, ನಿಜವಾದದ್ದು ನಿಮ್ಮ ಬಳಿ ಇದೆ. ಮಿಂಚಕ್ಕ ಎಂಬ ಹೆಸರೂ ಈ ಪತ್ರಕ್ಕೆಂದು ಅವರೇ ಆರಿಸಿಕೊಂಡದ್ದು. ಪ್ರತಿ ಸಾಲನ್ನೂ ಅವರಿಗೆ ಓದಿ ಹೇಳಿದ್ದೇನೆ.) ಮದುವೆಯ ದಿನ ನನಗೆ ಮೇಕಪ್ ಮಾಡಿದವರು ಅವರು. ಅವರು ಟ್ರಾನ್ಸ್ ಮಹಿಳೆ, ನಾನು ಐಬ್ರೋ ಮಾಡಿಸುವ ಪಾರ್ಲರಿನಲ್ಲಿ ಅವರಿಗೆ ಕೆಲಸ. ಮದುವೆಗಳಿಲ್ಲದ ತಿಂಗಳುಗಳಲ್ಲಿ ಅವರು ಮಾಡುವ ಕೆಲಸಕ್ಕೆ ನಿಮ್ಮ ಕಡತದಲ್ಲಿ ಲೈಂಗಿಕ ವೃತ್ತಿ ಎಂದು ಹೆಸರು. ಅವರೂ ಅದನ್ನು ಮುಚ್ಚಿಡುವುದಿಲ್ಲ. ಅವತ್ತು ನನ್ನ ಗಲ್ಲ ಹಿಡಿದುಕೊಂಡು, "ಅಲ್ಲಾಡ್ಬೇಡ್ವೇ, ಕಾಡಿಗೆ ಕಿವಿವರೆಗೂ ಹೋಗುತ್ತೆ. ಆಮೇಲೆ ಗಂಡು ಹೆದರಿ ಓಡಿದ್ರೆ ನನ್ನನ್ನ ಬೈಬೇಡ," ಎಂದು ನಗಿಸುತ್ತಲೇ ಇದ್ದರು. ನಮ್ಮವರು ಎದುರಾದಾಗ ಇಬ್ಬರೂ ನಮಸ್ಕಾರ ಎಂದರು, ಮೊದಲ ಸಲ ನೋಡಿದವರ ಹಾಗೆ. ಅದಕ್ಕೆ ಮೂರೇ ದಿನ ಮುಂಚೆ ಇದೇ ಇಬ್ಬರು ತಪಾಸಣಾ ಕೇಂದ್ರದ ಕೋಣೆಯಲ್ಲಿ ಎದುರುಬದುರು ಕುಳಿತಿದ್ದರೆಂದು ನನಗೆ ಹೇಗೆ ಹೊಳೆಯಬೇಕು? ಗೋಪ್ಯತೆ ಎಂದರೆ ಅದು, ಸ್ವಾಮಿ. ನೀವು ಅದನ್ನು ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿ ಸುಮ್ಮನಾಗಿದ್ದೀರಿ.

ಹೋದ ವಾರ ಮದುವೆಯ ಫೋಟೊ ಕೊಡಲು ಪಾರ್ಲರಿಗೆ ಹೋದೆ. ಮಿಂಚಕ್ಕ ಇರಲಿಲ್ಲ. "ಹನ್ನೆರಡು ದಿನ ಆಯ್ತಮ್ಮ, ಫೋನ್ ಆಫು, ಬಾಗಿಲೂ ತೆಗೀತಿಲ್ಲ," ಎಂದರು ಒಡತಿ. ವಿಳಾಸ ಕೇಳಿಕೊಂಡು ಹೋದೆ. ಇಸ್ತ್ರಿ ಅಂಗಡಿಯ ಮೇಲಿನ ಒಂಟಿ ಕೋಣೆ, ಕಾದ ಬಟ್ಟೆಯ ವಾಸನೆ. ಎಷ್ಟು ತಟ್ಟಿದರೂ ಉತ್ತರವಿಲ್ಲ. ಕೊನೆಗೆ, "ಅಕ್ಕಾ, ಫೋಟೊದಲ್ಲಿ ನನ್ನ ಎಡಗಣ್ಣಿನ ಕಾಡಿಗೆ ಸೊಟ್ಟ ಬಂದಿದೆ!" ಎಂದು ಕೂಗಿದೆ.

ಚಿಲಕ ಸರಿಯಿತು. "ಸಾಧ್ಯಾನೇ ಇಲ್ಲ. ಎಲ್ಲಿ, ತೋರ್ಸು."

ತಲೆ ಬಾಚಿರಲಿಲ್ಲ. ಮುಖ ತೊಳೆದು ಎಷ್ಟು ದಿನವಾಗಿತ್ತೋ. ಹಿಂದೆ, ಗೋಡೆಯ ಕನ್ನಡಿಗೆ ಟವೆಲ್ ಹೊದಿಸಿತ್ತು. ಫೋಟೊ ನೋಡಿ, "ನೆಟ್ಟಗೇ ಇದೆಯಲ್ಲೇ, ಸುಳ್ಳಿ," ಎಂದವರೇ ಅಲ್ಲೇ ಹೊಸ್ತಿಲಲ್ಲಿ ಕುಳಿತು ಅತ್ತುಬಿಟ್ಟರು. "ನಿನ್ನ ಗಂಡನ ಕೆಲಸಕ್ಕೆ ನಾನೇ ಕಲ್ಲು ಹಾಕ್ದೆ ಕಣೇ."

ನೋಟಿಸಿಗೆ ಮುಂಚೆ ನಿಮ್ಮ ಕಚೇರಿಯಿಂದ, 'ಖಚಿತಪಡಿಸಿಕೊಳ್ಳಲು', ಅವರಿಗೆ ಫೋನ್ ಬಂದಿತ್ತು. "ಹತ್ತೊಂಬತ್ತು ಸಲ ಹೇಳ್ಕೊಟ್ರೂ ಕಲ್ತಿಲ್ವಾ? ನಿಮ್ಮ ಕಸುಬೇ ಅದಲ್ವಾ? ಆ ಕೌನ್ಸೆಲರ್ ಮೇಲೆ ಕ್ರಮ ಆಗುತ್ತೆ ನೋಡಿ," ಎಂದರಂತೆ. ಹಿಂದೆ ಇನ್ಯಾರೋ ನಕ್ಕದ್ದೂ ಕೇಳಿಸಿತಂತೆ. ಆ ನಗು ನಿಮ್ಮ ಯಾವ ಕಾಲಂನಲ್ಲಿ ದಾಖಲಾಗಿದೆ?

ಹತ್ತೊಂಬತ್ತು ಗುರುವಾರ ಅವರು ಏನು ಕೇಳಿದರೆಂದು ನಿಮಗೆ ತಿಳಿಯಬೇಕಲ್ಲವೇ? ಏನನ್ನೂ ಕೇಳಲಿಲ್ಲ. ಹೇಳಿಕೊಂಡರು, ಅಷ್ಟೇ. ಲೆಕ್ಕವಿಲ್ಲದಷ್ಟು ಮದುಮಗಳಂದಿರನ್ನು ಸಿಂಗರಿಸಿದ ಮಿಂಚಕ್ಕ ಒಡಹುಟ್ಟಿದ ತಂಗಿಯ ಮದುವೆಯ ದಿನ ಮೇಕಪ್ ಪೆಟ್ಟಿಗೆ ಹಿಡಿದು ತವರಿನ ಗೇಟಿನ ಹೊರಗೆ ನಿಂತಿದ್ದರು. ಅಮ್ಮ ಕಿಟಕಿಯಿಂದ ನೋಡಿ ಪರದೆ ಎಳೆದುಕೊಂಡರು. ಮಾರನೆಯ ದಿನ, ಮೊದಲ ಗುರುವಾರ, ಅವರು ನಮ್ಮವರ ಮುಂದೆ ಕುಳಿತಿದ್ದು. ಅಲ್ಲಿಗೆ ಬರದಿದ್ದರೆ ಆ ದಿನ ಎಲ್ಲಿಗೆ ಹೋಗುತ್ತಿದ್ದರು ಎಂಬುದನ್ನು ನನಗೆ ಹೇಳಿದ್ದಾರೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಹಾಸಿಗೆಯ ಪಕ್ಕದಲ್ಲಿ ಮಾತ್ರೆಯ ಡಬ್ಬಿಯಿತ್ತು. ಸೋಂಕು ತಗಲದಿರಲಿ ಎಂದು ದಿನಕ್ಕೊಂದರಂತೆ ನುಂಗಲು ನೀವೇ ಕೊಡುವ ಮಾತ್ರೆ. ಫೋನ್ ಬಂದ ದಿನದಿಂದ ಮುಟ್ಟಿರಲಿಲ್ಲ. ನಾನು ಮಹಾ ಜಾಣೆಯ ಹಾಗೆ, "ಆರೋಗ್ಯ ಮುಖ್ಯ ಅಲ್ವಾ ಅಕ್ಕಾ?" ಎಂದೆ. ಅವರು ನನ್ನನ್ನು ಸಣ್ಣ ಮಗುವನ್ನು ನೋಡುವ ಹಾಗೆ ನೋಡಿ, "ನಾಳೆ ಬೇಕು ಅನ್ಸಿದ್ರೆ ತಾನೆ ಇವತ್ತು ಜೋಪಾನ ಮಾಡ್ಕೊಳ್ಳೋದು?" ಎಂದರು.

ಮಾನ್ಯರೇ, ನಿಮ್ಮ ಇಲಾಖೆಯ ಎಲ್ಲ ಪೋಸ್ಟರುಗಳನ್ನೂ ಕಿತ್ತು ಈ ಒಂದು ಮಾತನ್ನು ಅಂಟಿಸಬಾರದೇ? ನೀವು ಮಾತ್ರೆ ಕೊಟ್ಟಿರಿ, ಕಾಂಡೋಮ್ ಕೊಟ್ಟಿರಿ, ಮೂರು ತಿಂಗಳಿಗೊಮ್ಮೆ ರಕ್ತ ತೆಗೆದಿರಿ. ಇವನ್ನೆಲ್ಲ ಬಳಸಬೇಕಾದ ಮನಸ್ಸನ್ನು ಮಾತ್ರ ಬಾಗಿಲ ಹೊರಗೇ ಬಿಟ್ಟು ಬನ್ನಿ ಎಂದಿರಿ. ಫಲಿತಾಂಶ 'ನೆಗೆಟಿವ್' ಎಂದರೆ ನಿಮ್ಮ ವರದಿಯಲ್ಲಿ ಹಸಿರು ಬಣ್ಣ. ಆ ರಕ್ತ ಕೊಟ್ಟಾಕೆ ಮರುದಿನ ಇಲ್ಲವಾದರೂ ಅದು ಹಸಿರೇ. ನಿಮ್ಮ ಭಾಷೆಯಲ್ಲಿ ಇವರು 'ಅಧಿಕ ಅಪಾಯದ ಗುಂಪು'. ಅಪಾಯ ಯಾರಿಂದ ಎಂದು ಎಲ್ಲೂ ಬರೆದಿಲ್ಲ. ಪರದೆ ಎಳೆದುಕೊಂಡ ಅಮ್ಮನಿಂದಲೇ? ಫೋನಿನ ಹಿಂದೆ ನಕ್ಕವರಿಂದಲೇ? ಇಷ್ಟೂ ಸಾಲದೆಂದು ನೋಟಿಸಿನ ಕೊನೆಯಲ್ಲಿ ಆ ಎರಡು ಕುರ್ಚಿಯ ಕೋಣೆಯನ್ನೂ ತಿಂಗಳ ಕೊನೆಗೆ ಖಾಲಿ ಮಾಡಿ ಪರೀಕ್ಷಾ ಕಿಟ್ಟುಗಳನ್ನು ಪೇರಿಸಿಡಬೇಕೆಂದು ಆದೇಶಿಸಿದ್ದೀರಿ. ಪರೀಕ್ಷೆಗೆ ಬರುವ ಜನ ಉಳಿದಿರಬೇಕಲ್ಲ, ಸ್ವಾಮಿ?

ಈ ಪತ್ರದ ವಿಷಯ ನಮ್ಮವರಿಗೆ ಗೊತ್ತು. "ಕೆಲಸ ಹೋಗುತ್ತೆ ಕಣೇ," ಎಂದರು. ಆಮೇಲೆ ಪೆನ್ನು ಇಸಿದುಕೊಂಡು ನನ್ನ ಕಾಗುಣಿತ ತಿದ್ದಿಕೊಟ್ಟರು. ನಾನು ಇಂಥವರನ್ನು ಮದುವೆಯಾಗಿದ್ದೇನೆ! ಅದನ್ನೂ ನಿಮ್ಮ ಕಡತಕ್ಕೆ ಸೇರಿಸಿಕೊಳ್ಳಿ.

ನನ್ನ ಬೇಡಿಕೆ ದೊಡ್ಡದೇನಲ್ಲ. ನೋಟಿಸ್ ವಾಪಸು ಪಡೆಯಿರಿ. ಕೋಣೆಯನ್ನು ಇದ್ದ ಹಾಗೇ ಬಿಡಿ. ಫೋನ್ ಮಾಡಿದವರು ಅದೇ ನಂಬರಿಗೆ ಮತ್ತೆ ಫೋನ್ ಮಾಡಿ ಕ್ಷಮೆ ಕೇಳಲಿ, ಈ ಸಲ ಹಿಂದೆ ಯಾರೂ ನಗದಿರಲಿ. ಮತ್ತು ಆ ಕಾಲಂನಲ್ಲಿ ಐದರ ಕೆಳಗೆ ಒಂದು ಸಾಲು ಸೇರಿಸಿ: ಆರು, ಮಾತಾಡಲು ಬಂದರು, ಅರ್ಧ ಗಂಟೆ.

ಇದು ಈ ಗುರುವಾರದೊಳಗೆ ಆಗಬೇಕು. ಯಾಕೆಂದರೆ ನಾನು ಕೈಕಾಲು ಹಿಡಿದು ಬೇಡಿಕೊಂಡ ಮೇಲೆ ಮಿಂಚಕ್ಕ ಅವತ್ತು ಬರಲು ಒಪ್ಪಿದ್ದಾರೆ, ಒಂದು ಷರತ್ತಿನ ಮೇಲೆ. "ಐದು ಅಂತ ಬರೆದ್ರೆ ನಾನು ಕೂರಲ್ಲ. ಏನಕ್ಕೆ ಬಂದೆ ಅಂತ ಇದ್ದದ್ದು ಇದ್ದ ಹಾಗೆ ಬರೀಲಿ, ಕೂರ್ತೀನಿ." ಮಧ್ಯಾಹ್ನ ಮೂರಕ್ಕೆ ನಮ್ಮವರು ಕುರ್ಚಿ ಹಾಕಿ ಕಾಯುತ್ತಿರುತ್ತಾರೆ. ಮರದ ಮಾದರಿ ಕಪಾಟಿನಲ್ಲಿರುತ್ತದೆ. ಅಕ್ಕ ಬಾಗಿಲಲ್ಲೇ ನಿಂತು, ಮೊದಲು ಕಂಪ್ಯೂಟರಿನ ಪರದೆ ತೋರಿಸಿ ಎನ್ನುತ್ತಾರೆ. ಅಲ್ಲಿ ಅವರಿಗೆ ಏನು ಕಾಣಬೇಕು ಎಂಬುದನ್ನು ನೀವು ತೀರ್ಮಾನಿಸಿ.

ಇಂತಿ,
ನಿಮ್ಮ ನೋಟಿಸನ್ನು ಮದುವೆಯ ಶುಭಾಶಯವೆಂದು ತಿಳಿದು ಒಡೆದ,
ಎಡಗಣ್ಣಿನ ಕಾಡಿಗೆ ನೆಟ್ಟಗೇ ಇದ್ದ
ಒಬ್ಬ ಹೊಸ ಮದುಮಗಳು