ಹುಣಸೆಹಣ್ಣಿಗೆ ಹೋದ ಹೆಸರು

ಬೆಳಗೊಳ
29-10-1996, ಮಂಗಳವಾರ

ಚಿ. ಸೌ. ಪವಿತ್ರಳಿಗೆ ನಿನ್ನ ಅವ್ವ ಮಾಡುವ ಆಶೀರ್ವಾದಗಳು.

ತಾಯಿ ಮಾರಮ್ಮ ನಿನ್ನನ್ನೂ ಹೊಟ್ಟೆಯಲ್ಲಿರುವ ಕೂಸನ್ನೂ ಕಾಯಲಿ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ ಅಂತ ಬರೆಯಬೇಕು. ಮೊದಲ ಸಾಲಿನಲ್ಲೇ ಸುಳ್ಳು ಬರೆಯಲು ಕೈ ಬರಲಿಲ್ಲ, ಬಿಟ್ಟೆ.

ಗಿಟಾರಿನ ಜಗಳ ಕೆ.ಆರ್. ಪೇಟೆಯಲ್ಲಿ ನಿನ್ನ ಕಿವಿಗೂ ಬಿದ್ದಿರುತ್ತದೆ. ಅಲ್ಲಿ ಏನು ಹೇಳಿದ್ದಾರೋ ನಾನು ಕಾಣೆ. ಇಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಶ್ರೀರಂಗಪಟ್ಟಣದಲ್ಲಿ ಆರ್ಕೆಸ್ಟ್ರಾ ನಡೆಸುವ ರಂಗಸ್ವಾಮಿ, ಒಳ್ಳೆ ಕರೆಂಟು ಗಿಟಾರು ತಂದರೆ ಸೇರಿಸಿಕೊಳ್ಳುತ್ತೇನೆ ಅಂದಿದ್ದಕ್ಕೆ ನಿನ್ನ ತಮ್ಮ ಮಾದೇವ ಊಟ ನಿದ್ದೆ ಬಿಟ್ಟಿದ್ದನಲ್ಲ. ಆಗ ಅಳಿಯಂದಿರು ಒಂದನ್ನು ತಂದುಕೊಟ್ಟು, ಬದಲಿಗೆ ಅವನು ಡೈರಿಗೆ ಹಾಲು ಹಾಕುತ್ತಿದ್ದ ಲೂನಾ ಗಾಡಿ ತೆಗೆದುಕೊಂಡು ಹೋದರು. “ಬೊಂಬಾಯಿಂದ ಬಂದಿರೋ ಫಾರಿನ್ ಮಾಲು ಕಣ್ಲಾ ಮಾದೇವ. ಇದ್ರ ಮುಂದೆ ನಿನ್ನ ಲೂನಾ ಯಾವ ಲೆಕ್ಕ?” ಅಂದರು. ಅದರ ತಲೆಯ ಮೇಲೆ ಬಂಗಾರದ ಬಣ್ಣದಲ್ಲಿ ಇಂಗ್ಲಿಷ್ ಹೆಸರಿತ್ತು. ಮಾದೇವ ಅದನ್ನು ಬಂದವರಿಗೆಲ್ಲ ತೋರಿಸುತ್ತಿದ್ದ.

ಆಯುಧಪೂಜೆಯ ದಿನ ಕುಡುಗೋಲು, ಗುದ್ದಲಿಗಳ ಜೊತೆ ಗಿಟಾರನ್ನೂ ತಂದು ಜಗಲಿಯ ಮೇಲಿಟ್ಟ. “ಇದೂ ನನ್ನ ಆಯುಧನೇ ಕಣವ್ವ, ಇದ್ಕೂ ಪೂಜೆ ಮಾಡು” ಅಂತ ಹೇಳಿ ಸ್ನಾನಕ್ಕೆ ಹೋದ. ದೇವರ ದೀಪ ತಿಕ್ಕಿದ ಹುಣಸೆಹಣ್ಣು ನನ್ನ ಕೈಯಲ್ಲೇ ಇತ್ತು. ಆ ಬಂಗಾರದ ಅಕ್ಷರವನ್ನು ಹಿತ್ತಾಳೆ ಅಂದುಕೊಂಡು, ಹೊಳೆಯಲಿ ಅಂತ ಚೆನ್ನಾಗಿ ತಿಕ್ಕಿದೆ. ಹೆಸರು ಈರುಳ್ಳಿ ಸಿಪ್ಪೆಯ ಹಾಗೆ ಸುಲಿದು ಬೆರಳಿಗೆ ಬಂತು.

ಹಬ್ಬದ ದಿನ ಮಗನ ಸಾಮಾನು ಕೆಡಿಸಿದೆನಲ್ಲ ಅಂತ ಸೆರಗಿಗೆ ಕೈ ಹಾಕಿದೆ. ಒರೆಸಿ ನೋಡಿದರೆ, ಕೆಳಗೆ ಕಪ್ಪು ಅಕ್ಷರದ ಇನ್ನೊಂದು ಹೆಸರು. ನನಗೆ ಇಂಗ್ಲಿಷ್ ಬಾರದು. ಆದರೆ ಅಂಚೆ ಕಾಗದದ ಮೇಲೆ ಅಚ್ಚಾಗಿರುವ ಇಂಡಿಯಾ ಅನ್ನುವುದು ಕಂಡು ಕಂಡು ಗುರುತಾಗಿದೆ. ಅದೇ ಅಕ್ಷರಗಳು ಅಲ್ಲಿದ್ದವು. ಫಾರಿನ್ನಿನಿಂದ ಬಂದದ್ದರ ಮೇಲೆ ಇಂಡಿಯಾ ಅಂತ ಯಾರು ಬರೆಯುತ್ತಾರೆ, ಪವಿತ್ರ? ಮೇಲಿನ ಹೆಸರನ್ನು ಯಾರೋ ಆಮೇಲೆ ಅಂಟಿಸಿದ್ದರು.

ಆ ಗಳಿಗೆಯಲ್ಲಿ ನನ್ನ ಕಣ್ಣೆದುರಿಗೆ ಬಂದವಳು ನೀನು. ಮಾದೇವನ ಕೋಪ ನಿನಗೆ ಗೊತ್ತು. ಆ ಅಕ್ಷರ ಕಂಡರೆ ಎಲೆಯ ಮುಂದೆಯೂ ಕೂರದೆ ಬಸ್ಸು ಹತ್ತುತ್ತಿದ್ದ, ನಿಮ್ಮ ಬೀದಿಯಲ್ಲಿ ನಿಂತು ಭಾವನ ಕೊರಳಪಟ್ಟಿ ಹಿಡಿಯುತ್ತಿದ್ದ. ಸಂಜೆಯೊಳಗೆ ನಿನ್ನ ಬಟ್ಟೆಗಂಟನ್ನು ಹೊರಗೆ ಹಾಕುತ್ತಿದ್ದರು. ಪೂಜೆಗಿಟ್ಟ ಕುಡುಗೋಲನ್ನೇ ತೆಗೆದುಕೊಂಡು ಆ ಕಪ್ಪು ಹೆಸರನ್ನು ಮರ ಕಾಣುವ ತನಕ ಕೆರೆದೆ. ಅದರ ಮೇಲೆ ಅಂಗೈಯಗಲ ಅರಿಶಿನ ಕುಂಕುಮ ಮೆತ್ತಿದೆ. ಮಾದೇವ ಬಂದು ಹೆಸರೆಲ್ಲಿ ಅಂದ. ತಿಕ್ಕುವಾಗ ಹೋಯಿತು ಕಣಪ್ಪ ಅಂದೆ. “ಗಿಟಾರ್ನ ಚೊಂಬು ಬೆಳಗ್ದಂಗೆ ಬೆಳಗೋಳು ಮಂಡ್ಯ ಜಿಲ್ಲೆಗೇ ನೀನೊಬ್ಳು ಕಣವ್ವ!” ಅಂತ ನಕ್ಕುಬಿಟ್ಟ. ನಾನೂ ನಗಬೇಕಾಯಿತು.

ಕಳೆದ ವಾರ ರಂಗಸ್ವಾಮಿ ಮನೆಗೇ ಬಂದು, ಗಿಟಾರನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಹಿಂದಿನ ಮುಚ್ಚಳ ಬಿಚ್ಚಿದ. ಅಸಲಿ ಗಿಟಾರಿಗೆ ಒಳಗೆ ಗಟ್ಟಿ ಮರ ಇರುತ್ತದಂತೆ. ಇದರಲ್ಲಿ ಪ್ಲೈವುಡ್ಡಿನ ಪದರ. ಕಂಪನಿಯ ನಂಬರು ಇರಬೇಕಾದ ಕಡೆ ನಂಬರೂ ಇಲ್ಲ. “ಡೂಪ್ಲಿಕೇಟು ಕಣ್ಲಾ. ಯಾವನ್ಲಾ ನಿಂಗೆ ಟೋಪಿ ಆಕ್ದೋನು?” ಅಂದ. ಮಾದೇವ ಮುಚ್ಚಳವನ್ನು ತಿರುಗಿ ಹಾಕತೊಡಗಿದ. ಹೊರಗಿನವನ ಎದುರಿಗೆ ಭಾವನ ಹೆಸರು ಹೇಳಲು ಅವನಿಗೂ ಅವಮಾನ.

ಮೊನ್ನೆ ಭಾನುವಾರ ನಿನ್ನ ಸೋದರಮಾವ ಮುದ್ದಯ್ಯನ ಜಗಲಿಯಲ್ಲಿ ನ್ಯಾಯ ಸೇರಿತು. ಅಳಿಯಂದಿರನ್ನೂ ಕರೆಸಿದ್ದರು. ಅವರು ಒಂದೇ ಮಾತು ಹಿಡಿದರು: “ನಾನ್ ಕೊಟ್ಟಾಗ ಎಸ್ರು ಪಳಪಳ ಅಂತಿತ್ತು. ಕೆರ್ದು ಕೆಡ್ಸಿದೋರು ಅತ್ತೆ. ಈಗ ಡೂಪ್ಲಿಕೇಟು ಅಂದ್ರೆ ನಾನೇನ್ ಮಾಡ್ಲಿ?” ಮಾದೇವ ಪದರ, ನಂಬರು ಅಂತ ಕೂಗಾಡಿದ. ಮುದ್ದಯ್ಯ ಕೈ ಎತ್ತಿ, “ಪದರ ಗಿದರ ನಂಗೊತ್ತಿಲ್ಲ ಕಣ್ರಪ್ಪ. ನಮ್ಮ ಸೋಮಕ್ಕ ಸುಳ್ಳಾಡೋಳಲ್ಲ. ದೀಪಾವಳಿಗೆ ಮುಂಚಿನ ಶುಕ್ರವಾರ ಮಾರಮ್ಮನ ಗುಡೀಲಿ ಕರ್ಪೂರ ಅಚ್ಕೊಂಡು ಕಂಡದ್ದ ಏಳ್ಬುಡ್ಲಿ. ಅಲ್ಲಿಗೆ ಮುಗೀತು” ಅಂದ.

ಅವ್ವ ದೇವರ ಮುಂದೆ ಸುಳ್ಳು ಹೇಳುವುದಿಲ್ಲ ಅಂತ ಮಾದೇವ ಒಪ್ಪಿದ. ಹೆತ್ತವಳು ಮಗಳ ಸಂಸಾರ ಒಡೆಯುವುದಿಲ್ಲ ಅಂತ ಅಳಿಯಂದಿರೂ ಒಪ್ಪಿದರು. ಇಬ್ಬರೂ ನನ್ನನ್ನು ಸರಿಯಾಗಿಯೇ ತಿಳಿದಿದ್ದಾರೆ. ನಾನು ಮಾತ್ರ ನಡುವೆ ಸಿಕ್ಕಿಕೊಂಡೆ.

ನಾನೇ ತಿಕ್ಕಿ ಕೆಡಿಸಿದೆ ಅಂದು ಸುಮ್ಮನಾಗಬಹುದು. ಅದು ಸುಳ್ಳಲ್ಲ. ಆದರೆ ಆ ಕೆರೆದ ಜಾಗದಲ್ಲಿ ಏನಿತ್ತು ಅಂತ ಲೋಕದಲ್ಲಿ ನೋಡಿದವಳು ನಾನೊಬ್ಬಳು, ಬಿಟ್ಟರೆ ಆ ತಾಯಿ. ಬಾಯಿ ಬಿಟ್ಟರೆ ತೋರಿಸಲು ಗುರುತಿಲ್ಲ, ಗುರುತನ್ನು ಅಳಿಸಿದ್ದೂ ನಾನೇ. ಮಾದೇವ ಈಗ ಹಾಲಿನ ಕ್ಯಾನುಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಡೈರಿಗೆ ತುಳಿಯುತ್ತಾನೆ. ಆರ್ಕೆಸ್ಟ್ರಾದವರು ಕೈಬಿಟ್ಟರು. ಹುಡುಗರು ಅವನನ್ನು ಪ್ಲೈವುಡ್ ಮಾದೇವ ಅಂತ ಕರೆಯುತ್ತಾರೆ. ಮೊದಲಾದರೆ ಒಂದು ಕೈ ನೋಡಿಕೊಳ್ಳುತ್ತಿದ್ದ. ಈಗ ಕೇಳಿಯೂ ಕೇಳದವನ ಹಾಗೆ ಹೋಗುತ್ತಾನೆ.

ಬೆಳಿಗ್ಗೆ ಗುಡಿಗೆ ಹೋಗಿ ಹೂವಿನ ಪ್ರಸಾದ ಕೇಳಿದೆ. ಬಲಕ್ಕೆ ಬಿದ್ದರೆ ಹೇಳುತ್ತೇನೆ, ಎಡಕ್ಕೆ ಬಿದ್ದರೆ ನುಂಗಿಕೊಳ್ಳುತ್ತೇನೆ ಅಂದುಕೊಂಡು ಕಾಲು ಜೋಮು ಹಿಡಿಯುವವರೆಗೆ ನಿಂತೆ. ಅಮ್ಮ ಒಂದು ಎಸಳನ್ನೂ ಕೊಡಲಿಲ್ಲ. ಪೂಜಾರಿ, ಮನೆಗೆ ಹೋಗವ್ವ, ಬಾಗಿಲು ಹಾಕಬೇಕು ಅಂದ.

ನೀನು ಯಾರನ್ನೂ ಏನೂ ಕೇಳಬೇಡ ಮಗಳೇ. ತುಂಬಿದ ಬಿಂದಿಗೆ ಎತ್ತಬೇಡ. ಹೊತ್ತಿಗೆ ಸರಿಯಾಗಿ ಉಣ್ಣು.

ಇಂತಿ ನಿನ್ನ ಅವ್ವ,
ಸೋಮಮ್ಮ

ಇನ್ನೊಂದು ಮಾತು: ಅಳಿಯಂದಿರೇ, ಪವಿತ್ರಳಿಗೆ ಬಂದ ಕಾಗದವನ್ನು ಮೊದಲು ಒಡೆದು ಓದುವವರು ನೀವು ಅಂತ ನನಗೆ ಗೊತ್ತು. ಅದಕ್ಕೇ ಅವಳ ಹೆಸರಿಗೆ ಬರೆದೆ. ಆ ಶುಕ್ರವಾರಕ್ಕೆ ಮುಂಚೆ ಲೂನಾ ತಂದು ನಮ್ಮ ಬಾಗಿಲಲ್ಲಿ ನಿಲ್ಲಿಸಿ, ಗಿಟಾರನ್ನು ತೆಗೆದುಕೊಂಡು ಹೋಗಿ. ನನಗೂ ಯಾರೋ ಮೋಸ ಮಾಡಿದರು ಅನ್ನಿ. ನಾನು ಹೌದು ಅನ್ನುತ್ತೇನೆ, ಆ ಪಾಪ ನನಗಿರಲಿ. ಬರದೆ ಹೋದರೆ ಕರ್ಪೂರ ಹಚ್ಚಿ ಕಂಡದ್ದನ್ನೆಲ್ಲ ಹೇಳುತ್ತೇನೆ. ಆಮೇಲೆ ನೀವು ಮಗಳನ್ನು ಹೊರಗೆ ಹಾಕುವ ತನಕ ಕಾಯುವುದಿಲ್ಲ. ಅದೇ ದಿನ ಮಧ್ಯಾಹ್ನದ ಬಸ್ಸಿಗೆ ಬಂದು ನಾನೇ ಕರೆದುಕೊಂಡು ಹೋಗುತ್ತೇನೆ.