ಬಾಗಿಲ ಪಕ್ಕದ ಸ್ವಿಚ್ಚು

ಸೋಮವಾರ, ಊಟದ ಬಿಡುವು

ಪ್ರೀತಿಯ ತಮ್ಮಾ,

ನಿನ್ನ ಇಲಾಖೆಯ ನೋಟೀಸನ್ನು ಬೆಳಿಗ್ಗೆ ನಮ್ಮ ಬೈಂಡಿಂಗ್ ಶೆಡ್ಡಿನ ಬಾಗಿಲಿಗೆ ಅಂಟಿಸಿ ಹೋಗಿದ್ದಾರೆ. ಅಂಟು ತೀರಾ ತೆಳು. ಒಂದು ಮೂಲೆ ಆಗಲೇ ಎದ್ದಿದೆ. ಪುಸ್ತಕ ಕಟ್ಟುವವರ ಕಣ್ಣು ಮೊದಲು ಹೋಗುವುದು ಅಂಥದ್ದಕ್ಕೇ. ಆಮೇಲೆ ಓದಿದೆ: ಬಳಕೆಯಲ್ಲಿಲ್ಲದ ಹೆಚ್ಚುವರಿ ಸರ್ಕಾರಿ ಕಟ್ಟಡ ಮತ್ತು ಜಾಗ, ಬರುವ ತಿಂಗಳು ಹರಾಜು. ಕೆಳಗೆ ನಿನ್ನ ಸಹಿ. ಅದರ ಬಾಲ ಸ್ಕೂಲಿನಲ್ಲಿದ್ದಾಗಿನ ಹಾಗೆ ಇನ್ನೂ ಮೇಲಕ್ಕೇ ಹೋಗುತ್ತದೆ.

ಫೋನು ಮಾಡಿದರೆ ನೀನು ಮೊದಲು ಹೇಳಿದ್ದು ಇದು: "ಅಕ್ಕಾ, ನಾನೇ ಬಂದಿದ್ದೆ. ಎಷ್ಟು ಬಡಿದ್ರೂ ಒಬ್ರೂ ಬಾಗಿಲು ತೆಗೀಲಿಲ್ಲ. ಖಾಲಿ ಅಂತ ಬರೀದೆ ಇನ್ನೇನು ಬರೀಲಿ?"

ಆ ಹೊತ್ತಿಗೆ ನಾನು ಕಟ್ಟಿದ ಪುಸ್ತಕಗಳನ್ನು ಲೈಬ್ರರಿಗೆ ಒಪ್ಪಿಸಲು ಹೋಗಿದ್ದೆ. ಒಳಗಿದ್ದ ಐವರಿಗೂ ಕಿವಿ ಕೇಳುವುದಿಲ್ಲ. ಕಾಗದ ಕತ್ತರಿಸುವ ಯಂತ್ರ ನಡೆಯುವಾಗ ಯಾರೂ ನುಗ್ಗದಿರಲೆಂದು ಚಿಲಕ ಹಾಕಿಕೊಂಡಿರುತ್ತಾರೆ. ಇದನ್ನೆಲ್ಲ ನಿನಗೆ ವಿವರಿಸುತ್ತಿರುವುದೇ ವಿಚಿತ್ರ. ಅಮ್ಮನಿಗೂ ಕೇಳುತ್ತಿರಲಿಲ್ಲ. ಇದೇ ಶೆಡ್ಡಿನಲ್ಲಿ, ಕಿಟಕಿ ಪಕ್ಕದ ಮೇಜಿನಲ್ಲಿ ಪುಸ್ತಕ ಹೊಲಿದು ನಮ್ಮಿಬ್ಬರನ್ನು ಬೆಳೆಸಿದಳು. ಇಲ್ಲಿಯ ಬಾಗಿಲಿಗಿರುವಂತೆಯೇ ಮನೆಯ ಬಾಗಿಲಿಗೂ ಹೊರಗಡೆ ಒಂದು ಸ್ವಿಚ್ಚು ಹಾಕಿಸಿದಳು. ಒತ್ತಿದರೆ ಒಳಗೆ ಬಲ್ಬು ಮಿನುಗುತ್ತಿತ್ತು, ಅಮ್ಮ ಎದ್ದು ಬರುತ್ತಿದ್ದಳು. ಅಂಥ ಮನೆಯಲ್ಲಿ ಬೆಳೆದವನು ಬಾಗಿಲು ಬಡಿದು ಹೋದ. ಇರಲಿ, ಮರೆವು ಎಂದುಕೊಳ್ಳುತ್ತೇನೆ. ದೊಡ್ಡ ಕಚೇರಿಗಳಲ್ಲಿ ಎಲ್ಲ ಬಾಗಿಲುಗಳನ್ನೂ ಬಡಿಯುತ್ತಾರೇನೋ.

ನಮ್ಮ ಹಿರಿಯ ಬೈಂಡರ್, ನಿನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದವರು, ನೋಟೀಸು ಓದಿ ಕೈಸನ್ನೆಯಲ್ಲಿ ಕೇಳಿದರು: ನಮಗೆ ಕಿವಿ ಇಲ್ಲ, ಸರಿ, ನಿನ್ನ ತಮ್ಮನ ಕಣ್ಣಿಗೆ ಏನಾಗಿದೆ? ಉಳಿದವರು ನಕ್ಕರು. ನಾನೂ ನಕ್ಕೆ, ಅವರಿಗಿಂತ ತುಸು ತಡವಾಗಿ.

ಇವರಿಗೆಲ್ಲ ಬೇರೆ ಕಡೆ ಒಂದು ಕೋಣೆ ಕೊಡಿಸುತ್ತೇನೆ, ಗಲಾಟೆ ಮಾಡದೆ ಕೀಲಿ ಕೊಟ್ಟುಬಿಡು ಎಂದೂ ನೀನು ಫೋನಿನಲ್ಲಿ ಹೇಳಿದೆ. ಕೊಡುವುದಿಲ್ಲ. ಕೀಲಿ ನನ್ನ ಸೊಂಟದಲ್ಲಿದೆ, ಅಲ್ಲೇ ಇರುತ್ತದೆ. ಹರಾಜಿನ ದಿನ ನಮಗೆ ರಜೆಯಲ್ಲ. ಕೊಳ್ಳಲು ಬಂದವರು ಮೊದಲು ಸ್ವಿಚ್ಚು ಒತ್ತಲಿ. ಆರು ಜನವೂ ಕೈಗೆ ಮೆತ್ತಿದ ಅಂಟು ಒರೆಸಿಕೊಳ್ಳುತ್ತ ಬಾಗಿಲಿಗೆ ಬರುತ್ತೇವೆ. ನಿನ್ನ ಖಾಲಿ ಕಟ್ಟಡ ಹೇಗಿದೆಯೆಂದು ಅವರೇ ನೋಡಲಿ.

ನಿನ್ನ
ಅಕ್ಕ

ತಾ.ಕ.: ಈ ಪತ್ರವನ್ನು ಹಿರಿಯ ಬೈಂಡರ್‌ಗೆ ಓದಲು ಕೊಟ್ಟೆ. 'ಮರೆವು' ಎಂಬಲ್ಲಿ ಬೆರಳಿಟ್ಟು ಅಲ್ಲವೆಂದು ತಲೆಯಾಡಿಸಿದರು. ನೀನು ಬಂದ ದಿನ ಬಲ್ಬು ಮಿನುಗಿತ್ತಂತೆ. ಅವರು ಯಂತ್ರ ನಿಲ್ಲಿಸಿ ಚಿಲಕ ತೆಗೆಯುವಷ್ಟರಲ್ಲಿ ನಿನ್ನ ಜೀಪು ತಿರುವು ದಾಟುತ್ತಿತ್ತಂತೆ. ಹೇಗೆ ಮಿನುಗಿತು ಎಂದು ಕೇಳಿದೆ. ಮುಷ್ಟಿ ಬಿಚ್ಚಿ, ಮುಚ್ಚಿ ತೋರಿಸಿದರು: ಎರಡು ಸಲ, ತುಸು ತಡೆದು ಒಂದು ಸಲ. ಬಂದವನು ಮಗನೇ ಎಂದು ಅಮ್ಮನಿಗೆ ತಿಳಿಯಲಿ ಅಂತ ನೀನು ಒತ್ತುತ್ತಿದ್ದ ಹಾಗೆ.

ಹರಾಜಿಗೆ ನೀನೂ ಬಾ. ಹಾಗೆಯೇ ಒತ್ತು. ಈ ಸಲ ಬಾಗಿಲು ತೆಗೆಯುವವಳು ನಾನು.