ತೂತೆಲೆ ಗಿಡದ ಸಮಾಚಾರ

ದಾಸರಹಳ್ಳಿ, ಪೀಣ್ಯ
೧೩-೯-೧೯೮೨, ಸೋಮವಾರ

ಚಿ. ಸೌ. ವಾಸಂತಿಗೆ ನಿನ್ನ ಅಕ್ಕನ ಆಶೀರ್ವಾದ.

ನೀನು, ಊರ್ಮಿಳಾ, ಮಗು ಎಲ್ಲರೂ ಹೇಗಿದ್ದೀರಿ? ಊರ್ಮಿಳೆಗೆ ಹಾಲು ಸಾಕಷ್ಟಿದೆಯೇ, ಅಳಿಯ ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತಾರೆಯೇ ಎಂದು ಹಿಂದಿನ ಕಾಗದದಲ್ಲೇ ಕೇಳಿದ್ದೆ. ಉತ್ತರ ಬರಲಿಲ್ಲ. ಭಿಲಾಯಿಯ ನೀರು ಗಡಸಂತೆ, ಮಗುವಿನ ತಲೆಗೆ ಹೆಚ್ಚು ಹೊತ್ತು ಹೊಯ್ಯಬೇಡ. ಬಾಣಂತಿಗೆ ಮೆಣಸಿನ ಸಾರು, ತುಪ್ಪ, ಹಳೆ ಅಕ್ಕಿ ಅನ್ನ ಸಾಕು. ಪಕ್ಕದ ಮನೆಯವರು ಹೇಳಿದರೆಂದು ಏನೇನೋ ತಿನ್ನಿಸಬೇಡ. ಇಲ್ಲಿ ನಿನ್ನ ಭಾವನ ಕೆಮ್ಮು ಇಳಿದಿದೆ. ನನ್ನ ಮಂಡಿ ನೋವು ಹಾಗೇ ಇದೆ. ನೀನು ಕೇಳಲಿಲ್ಲ, ಆದರೂ ಬರೆದೆ.

ನಿನ್ನ ನಾಲ್ಕು ಕಾಗದಗಳೂ ತಲುಪಿವೆ. ನಾಲ್ಕರಲ್ಲೂ ನಮಸ್ಕಾರವಾದ ಮೇಲೆ ಮೊದಲ ಸಾಲು ಒಂದೇ: "ಗಿಡ ಹೇಗಿದೆ ಅಕ್ಕಾ?" ಆಮೇಲೆ ನಿನ್ನ ಗಂಡ, ಆಮೇಲೆ ಮಳೆ, ಕೊನೆಗೆ ಹಾಳೆಯಲ್ಲಿ ಜಾಗ ಉಳಿದರೆ ನಾನು. ನಾನೂ ಉತ್ತರದಲ್ಲಿ "ಇದೆ" ಎಂದಷ್ಟೇ ಬರೆಯುತ್ತಿದ್ದೆ. ಈ ಸಲ ಪೂರ್ತಿ ಬರೆಯುತ್ತೇನೆ. ಮಗು ತೊಡೆಯ ಮೇಲಿದ್ದರೆ ಊರ್ಮಿಳೆಯ ಕೈಗೆ ಕೊಟ್ಟು, ಕೂತು ಓದು.

ಜೂನ್ ತಿಂಗಳಲ್ಲಿ ನೀನು ರೈಲು ಹತ್ತುವ ಹಿಂದಿನ ದಿನ, ಗಂಡನ ಕೈಗೆ ಬಿಡಲು ಧೈರ್ಯವಾಗದೆ, ಅದನ್ನು ನಿಮ್ಮ ಕ್ವಾರ್ಟರ್ಸಿನಿಂದ ಟೆಂಪೋದಲ್ಲಿ ತಂದು ನಮ್ಮ ನಡುಮನೆಯ ಕಿಟಕಿಯ ಹತ್ತಿರ ಇಳಿಸಿದೆಯಲ್ಲ, ಅವತ್ತೇ ನನ್ನ ಕುರ್ಚಿ ಜಾಗ ಬಿಡಬೇಕಾಯಿತು. ಏಳು ಅಡಿ ಎತ್ತರ, ಹದಿನಾಲ್ಕು ಎಲೆ, ಒಂದೊಂದು ಎಲೆಯೂ ಮುತ್ತುಗದ ಊಟದೆಲೆಗಿಂತ ಅಗಲ. ನೀನು ಕೊಟ್ಟ ಚೀಟಿಯಲ್ಲಿ ಒಂಬತ್ತು ಅಪ್ಪಣೆ. ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಮಣ್ಣಿಗೆ ಬೆರಳು ಚುಚ್ಚಿ ನೋಡಿ ನೀರು ಹಾಕಬೇಕು. ಭಾನುವಾರಕ್ಕೊಂದು ಸಲ ಕಾಲುಸುತ್ತು ತಿರುಗಿಸಬೇಕು. ಒಂಬತ್ತನೆಯದರ ಕೆಳಗೆ ನೀನು ಎರಡು ಗೆರೆ ಎಳೆದಿದ್ದೆ: "ಬೇರು ಕುಂಡದ ತುಂಬ ಸುತ್ತಿಕೊಂಡಿದೆ, ಆದರೆ ಕುಂಡ ಬದಲಿಸಬೇಡಿ ಅಕ್ಕಾ, ನಾನೇ ಬಂದು ಮಾಡ್ತೀನಿ." ನಿನಗಿಂತ ಒಂಬತ್ತು ವರ್ಷ ಮೊದಲು ಈ ಮನೆಗೆ ಸೊಸೆಯಾಗಿ ಬಂದವಳಿಗೆ ಚೀಟಿ! ಆದರೂ ಎಂಟು ಅಪ್ಪಣೆಗಳನ್ನು ಅಕ್ಷರಶಃ ನಡೆಸಿದೆ. ನನ್ನ ಮಕ್ಕಳ ಮುಖವನ್ನೂ ನಾನು ಅಷ್ಟು ನಾಜೂಕಾಗಿ ಒರೆಸಿದವಳಲ್ಲ. ನಿನ್ನ ಗಂಡ ದ್ವಾರಕ ಭಾನುವಾರ ಊಟಕ್ಕೆ ಬಂದರೆ ಮೊದಲು ಹೋಗಿ ನಿಲ್ಲುವುದು ಗಿಡದ ಮುಂದೆ. "ಅತ್ತಿಗೆ, ಇದು ಸ್ವಲ್ಪ ಬಾಡಿದ ಹಾಗಿದೆಯಲ್ಲ?" ಅನ್ನುತ್ತಾನೆ. ಅವನಿಗಾಗಿಯೇ ಮಾಡಿದ ಹುಳಿಯ ಬಗ್ಗೆ ಒಂದು ಮಾತಿಲ್ಲ.

ವರಮಹಾಲಕ್ಷ್ಮಿ ಹಬ್ಬಕ್ಕೆ ಕುಂಕುಮಕ್ಕೆಂದು ಇಪ್ಪತ್ತಾರು ಜನ ಬಂದರು. ಎರಡು ಗಂಟೆ ಕೂತು ನೆರಿಗೆ ಹಿಡಿದು ಕಳಶಕ್ಕೆ ಹಸಿರು ಸೀರೆ ಉಡಿಸಿದ್ದೆ. ಬಂದವರು ದೇವರಿಗೆ ಕೈಮುಗಿದು ಈ ಕಡೆ ತಿರುಗಿದರೆ ಎಲ್ಲರದೂ ಒಂದೇ ಮಾತು: "ಅಯ್ಯೋ, ವಾಸಂತಿಯವರ ಗಿಡ ಇಲ್ಲಿದೆಯಾ!" ಹಿಂದಿನ ಬೀದಿಯ ಭದ್ರಮ್ಮ ಗೊತ್ತಲ್ಲ, ನಮ್ಮ ಬೀದಿಯೆಲ್ಲ ಒಂದು ಕಾಲಕ್ಕೆ ಅವರ ರಾಗಿ ಹೊಲ. ಆಕೆ ಎಲೆ ಮುಟ್ಟಿ ನೋಡಿ, "ಇದ್ಯಾಕ್ ಸೀತಮ್ನೋರೇ, ಕ್ವಾಟ್ರಸ್ಸಲ್ಲಿ ಎಂಗ್ ನಗ್‌ನಗ್ತಾ ಇತ್ತು, ಇಲ್ ಬಂದು ಇಂಗ್ ಸೊರಗೋಗೈತೆ! ಗಿಡಕ್ಕೂ ಕೈ ಗುರ್ತು ಸಿಕ್ತದೆ ಕಣಮ್ಮ" ಅಂದರು. ಎಲ್ಲರೂ ನಕ್ಕರು. ನಾನು ಕುಂಕುಮ ಕೊಟ್ಟು, ಕೋಸಂಬರಿ ಕೊಟ್ಟು, ಬಾಗಿಲವರೆಗೆ ಹೋಗಿ ಕಳಿಸಿಕೊಟ್ಟೆ.

ಕೈಯ ಮಾತು ನನಗೆ ಹೊಸದಲ್ಲ. ಮಾವ ಫೋರ್‌ಮನ್ ಆಗಿದ್ದಾಗ ಫ್ಯಾಕ್ಟರಿಗೆ ಬಂದಿದ್ದ ಜರ್ಮನಿಯ ಇಂಜಿನಿಯರನ ಹೆಂಡತಿ ಊರಿಗೆ ಹೊರಟಾಗ ಅತ್ತೆಗೆ ಕೊಟ್ಟುಹೋದ ಗಿಡ ಅದು. ಆಗ ಒಂದು ಜಾಮ್ ಡಬ್ಬದಲ್ಲಿ ಎರಡೆಲೆ. ಹೆಸರು ಬಾಯಿಗೆ ಬರದೆ ಅತ್ತೆ "ತೂತೆಲೆ ಗಿಡ" ಅಂದರು, ಅದೇ ನಿಂತಿತು. ಕೊನೆಯ ದಿನಗಳಲ್ಲಿ ಯಾರಿಗೆ ಏನು ಎಂದು ಒಂದೊಂದಾಗಿ ಹೇಳಿದರಲ್ಲ, ನನಗೆ ಅವಲಕ್ಕಿ ಸರ ಬಂತು, ದೇವರ ಪೆಟ್ಟಿಗೆ ಬಂತು, ಬೀರುವಿನ ಬೀಗದ ಕೈ ಬಂತು. ನಿನಗೆ ಬಂದದ್ದು ಈ ಗಿಡ. ನೋಡಿದವರಿಗೆ ನನ್ನ ಪಾಲೇ ದೊಡ್ಡದು. ಆದರೆ ಅದನ್ನು ನಿನಗೆ ಕೊಡುವಾಗ ಅವರು, "ವಾಸಂತಿ ಕೈಗುಣ ಒಳ್ಳೇದು" ಅಂದರು. ನೀನು ಭಾನುವಾರಕ್ಕೊಮ್ಮೆ ಮಲ್ಲಿಗೆ ಹೂವು ಹಿಡಿದು ಬರುತ್ತಿದ್ದವಳು. ನೀನು ಬಂದರೆ ಅವರ ಮುಖ ಅರಳುತ್ತಿತ್ತು. ಆ ಮಾತು ಅವರು ಆಡಿದಾಗ ಅವರ ಬೆನ್ನಿನ ಹುಣ್ಣು ತೊಳೆದು ಪುಡಿ ಹಾಕುತ್ತಿದ್ದದ್ದು ನನ್ನ ಕೈ. ಅವರು ಹೋಗಿ ಎಂಟು ವರ್ಷವಾಯಿತು. ಎಂಟು ವರ್ಷವೂ ನಿಮ್ಮ ಮನೆಗೆ ಬಂದು ಆ ಗಿಡ ಕಂಡಾಗಲೆಲ್ಲ ನನಗೆ ಹೊಟ್ಟೆಕಿಚ್ಚಾಗಿದೆ. ಬರೆದದ್ದನ್ನು ಹೊಡೆದುಹಾಕುವುದಿಲ್ಲ.

ಹಬ್ಬದ ಮಾರನೆಯ ದಿನವೇ ತೀರ್ಮಾನ ಮಾಡಿದೆ. ಬೇರಿಗೆ ಕುಂಡ ಸಾಲದೆಂದು ನೀನೇ ಬರೆದಿದ್ದೀಯ, ಗಿಡ ಸೊರಗಿದ್ದು ಅದಕ್ಕೇ. ದೊಡ್ಡ ಕುಂಡಕ್ಕೆ ನಾನು ಹಾಕುತ್ತೇನೆ, ನನ್ನ ಕೈಯಲ್ಲಿ ಹದಿನೈದನೆಯ ಎಲೆ ಬಿಡಲಿ, ಭದ್ರಮ್ಮ ಬಂದು ನೋಡಲಿ. ಅಷ್ಟು ದೊಡ್ಡ ಮಣ್ಣಿನ ಕುಂಡ ಎಲ್ಲಿಯೂ ಸಿಗಲಿಲ್ಲ. ನಿನ್ನ ಭಾವನ ಕೈಕೆಳಗೆ ಕೆಲಸ ಕಲಿತ ಚಿನ್ನಪ್ಪ ಪೀಣ್ಯದಲ್ಲಿ ಎರಡು ಲೇತ್ ಯಂತ್ರ ಇಟ್ಟುಕೊಂಡಿದ್ದಾನಲ್ಲ, ಅವನಿಗೆ ಹೇಳಿ ಕಳಿಸಿದೆ. ಒಂದು ಡ್ರಮ್ಮನ್ನು ಅರ್ಧಕ್ಕೆ ಕತ್ತರಿಸಿ, ಬಾಯಿಯ ಅಂಚು ಮಡಿಸಿ, ಅಡಿಗೆ ಎಂಟು ತೂತು ಕೊರೆದು, ಎರಡು ಕಡೆ ಹಿಡಿ ಬೆಸೆದು ತಂದ. ಬಹಳ ಚೆನ್ನಾಗಿ ಮಾಡಿದ್ದ. "ಅಮ್ಮೋರೇ, ಇದು ಕಟಿಂಗ್ ಆಯಿಲ್ ಡ್ರಮ್ಮು, ಕಬ್ಣ ಕೊರೆಯೋವಾಗ ಹಾಕೋ ಎಣ್ಣೇದು. ಸೋಡಾ ಹಾಕಿ ಉಜ್ಜಿ ನಾಕ್ ದಿನ ಬಿಸ್ಲಲ್ ಒಣಗಿಸ್ಬುಟ್ಟು ಆಮೇಲ್ ಮಣ್ ಹಾಕಿ" ಎಂದು ಎರಡು ಸಲ ಹೇಳಿದ. ಅವನ ತಪ್ಪು ಏನೂ ಇಲ್ಲ. ಅವನು ತಂದದ್ದು ಶುಕ್ರವಾರ. ಭಾನುವಾರ ದ್ವಾರಕ ಬರುತ್ತಾನೆ, ನೋಡಿ ನಿನಗೆ ಬರೆಯುತ್ತಾನೆ. ನಾಲ್ಕು ದಿನ ಕಾಯಲು ನನಗಾಗಲಿಲ್ಲ. ಒಂದು ದಿನ ಉಜ್ಜಿದೆ, ಒಂದು ದಿನ ಒಣಗಿಸಿದೆ, ಆ ದಿನವೂ ಮೋಡ.

ಭಾನುವಾರ ಬೆಳಿಗ್ಗೆ ನನ್ನ ಹಳೆ ಸೀರೆ ಹರಿದು ಎಲೆಗಳನ್ನೆಲ್ಲ ಮೆಲ್ಲಗೆ ಮೇಲಕ್ಕೆತ್ತಿ ಕಟ್ಟಿದೆ. ಚಿನ್ನಪ್ಪನ ಶೆಡ್ಡಿನ ಮೂವರು, ನಿನ್ನ ಭಾವ, ನಾನು ಸೇರಿ ಅದನ್ನು ಜಮಖಾನದ ಮೇಲೆ ಅಡ್ಡ ಮಲಗಿಸಿದೆವು. ಹಳೆ ಕುಂಡ ಬಿಡಲೇ ಇಲ್ಲ, ಸುತ್ತಿಗೆಯಲ್ಲಿ ಒಡೆಯಬೇಕಾಯಿತು. ಒಳಗೆ ಮಣ್ಣೇ ಇರಲಿಲ್ಲ ವಾಸಂತಿ, ಬರೀ ಬೇರು, ಸಿಂಬೆಯ ಹಾಗೆ ಸುತ್ತಿ ಸುತ್ತಿ ಕೂತಿತ್ತು. ಡ್ರಮ್ಮಿನ ತೂತುಗಳ ಮೇಲೆ ಹೆಂಚಿನ ಚೂರು, ಅದರ ಮೇಲೆ ಮರಳು, ಕೆಮ್ಮಣ್ಣು, ಹಳೆ ಗೊಬ್ಬರ. ಬೇರಿನ ಸುತ್ತು ಬೆರಳಲ್ಲಿ ಬಿಡಿಸಿ, ನಿಲ್ಲಿಸಿ, ತೆಂಗಿನ ನಾರು ಸುತ್ತಿದ ಕಂಬ ಕೊಟ್ಟು ಕಟ್ಟಿದೆ. ದ್ವಾರಕ ಬಂದು ಸುತ್ತಲೂ ತಿರುಗಿ ನೋಡಿ, "ಅತ್ತಿಗೆ, ಭೇಷ್!" ಅಂದ. ಅವತ್ತು ಹುಳಿಯನ್ನೂ ಹೊಗಳಿದ.

ಐದನೆಯ ದಿನ ಕೆಳಗಿನ ಎಲೆಗಳ ಅಂಚು ಕಂದಾಯಿತು. ನೀರು ಕಡಿಮೆಯಾಯಿತೆಂದು ಇನ್ನಷ್ಟು ಹಾಕಿದೆ. ಏಳನೆಯ ದಿನಕ್ಕೆ ನಾಲ್ಕು ಎಲೆ ಅರಿಶಿನ ಬಣ್ಣಕ್ಕೆ ತಿರುಗಿದವು. ಡ್ರಮ್ಮಿನ ಅಡಿಯಿಂದ ತಟ್ಟೆಗೆ ಇಳಿದ ನೀರಿನ ಮೇಲೆ ಕಾಮನಬಿಲ್ಲಿನ ಹಾಗೆ ಬಣ್ಣ ಬಣ್ಣದ ಪೊರೆ. ಬಗ್ಗಿ ಮೂಸಿದೆ. ನಿನ್ನ ಭಾವನ ಫ್ಯಾಕ್ಟರಿ ಶರ್ಟಿನ ವಾಸನೆ! ಮೂವತ್ತು ವರ್ಷ ಆ ಶರ್ಟುಗಳನ್ನು ಒಗೆದಿದ್ದೇನೆ. ಆ ಎಣ್ಣೆಯ ವಾಸನೆ ನಮ್ಮ ಮನೆಯ ವಾಸನೆಯೇ ಆಗಿಹೋಗಿದೆ. ಬೇರೆ ಯಾರ ಮನೆಯಲ್ಲಾದರೂ ಮೊದಲ ದಿನವೇ ಮೂಗು ಮುಚ್ಚಿಕೊಳ್ಳುತ್ತಿದ್ದರು. ನಮಗೆ, ನಿನ್ನ ಗಂಡನನ್ನೂ ಸೇರಿಸಿ, ಒಬ್ಬರಿಗೂ ತಿಳಿಯಲಿಲ್ಲ. ಒಂದು ವಾರ ನಾನು ಗಿಡಕ್ಕೆ ನೀರು ಹಾಕಿ ಹಾಕಿ ಆ ಎಣ್ಣೆಯನ್ನು ಬೇರಿಗೆ ಇಳಿಸಿದೆ. ಆಗ ನನಗೆ ಅತ್ತೆಯ ಮಾತು ಕೇಳಿಸಿತು. ಗಿಡ ಸಾಯುತ್ತದೆ ಎನ್ನುವುದಕ್ಕಿಂತ, ಅವರು ಹೇಳಿದ್ದೇ ನಿಜವಾಗುತ್ತದೆ ಎಂದು ಹೆದರಿದೆ.

ಯಾರನ್ನೂ ಕರೆಯಲಿಲ್ಲ. ನಾನೂ ನಿನ್ನ ಭಾವನೂ ಡ್ರಮ್ಮನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ, ಉರುಳಿಸಿ, ಗಿಡ ಬಿಡಿಸಿದೆವು. ಅವರು ಕೊಡಪಾನದಲ್ಲಿ ನೀರು ಸುರಿಯುತ್ತಾ ಹೋದರು, ನಾನು ಕೂತು ಬೇರು ತೊಳೆದೆ. ನನ್ನ ಮಂಡಿಯ ಸ್ಥಿತಿ ಈಗ ನಿನಗೆ ಅರ್ಥವಾಗುತ್ತದೆ. ಅರ್ಧ ಬೇರು ಕೊಳೆತು ಕೈಗೆ ಅಂಟುತ್ತಿತ್ತು. ಬುಡ ಮೆತ್ತಗಾಗಿತ್ತು. ಕುದಿಯುವ ನೀರಲ್ಲಿ ಅದ್ದಿದ ಚಾಕುವಿನಿಂದ, ಗಟ್ಟಿ ಕಾಂಡ ಸಿಗುವವರೆಗೆ ಕತ್ತರಿಸುತ್ತಾ ಹೋದೆ. ಬುಡದ ಎರಡಡಿ ಹೋಯಿತು. ಅದರ ಮೇಲೆ, ಗೆಣ್ಣಿನಿಂದ ಗಾಳಿಗೆ ಬೇರು ಬಿಟ್ಟಿದ್ದ ಮೂರು ತುಂಡು ಬೇರೆ ಮಾಡಿ ಕತ್ತರಿಸಿದೆ. ತುದಿ ಹಾಗೇ ಉಳಿಯಿತು, ನಾಲ್ಕಡಿ, ಐದೆಲೆ. ಕತ್ತರಿಸಿದ ಕಡೆಗೆಲ್ಲ ಬೂದಿ ಹಚ್ಚಿ ತುದಿಯನ್ನು ಹೊಸ ಮಣ್ಣಿನ ಕುಂಡದಲ್ಲಿ ನೆಟ್ಟೆ. ಮೂರು ತುಂಡನ್ನು ನನ್ನ ತಾಮ್ರದ ಹಂಡೆಯಲ್ಲಿ ನೀರು ಹಾಕಿ ನಿಲ್ಲಿಸಲು ಹೋದೆ, ತಾಮ್ರ ಬೇಡವೆಂದು ಭದ್ರಮ್ಮ ಗೋಡೆಯಾಚೆಯಿಂದ ಕೂಗಿ ಮಡಕೆ ಕೊಟ್ಟರು. ಆಕೆ ಎಲ್ಲವನ್ನೂ ನೋಡುತ್ತಲೇ ಇದ್ದರು ಅಂತ ಆಗ ಗೊತ್ತಾಯಿತು. ದ್ವಾರಕನಿಗೆ, "ನೀನು ಬರೆಯಬೇಡ, ನಾನೇ ಬರೆಯುತ್ತೇನೆ" ಎಂದೆ. ನಾಲ್ಕು ವಾರ ಈ ವಿಷಯ ಬರೆಯಲಿಲ್ಲ. ಏನಾಗುತ್ತದೋ ನೋಡಿ ಬರೆಯೋಣವೆಂದಿದ್ದೆ.

ಈಗ ಹೇಳುತ್ತೇನೆ. ನೀನು ಬಿಟ್ಟುಹೋದ ಹದಿನಾಲ್ಕು ಎಲೆಯ ಗಿಡ ಇಲ್ಲ. ತುದಿ ಬದುಕಿದೆ. ಹೋದ ಬುಧವಾರ ಅದರ ಸುರುಳಿ ಬಿಚ್ಚಿ ಹೊಸ ಎಲೆ ಬಂತು, ಮೈಯೆಲ್ಲ ಎಳೆ ಹಸಿರು, ಹನ್ನೊಂದು ತೂತು. ಮಡಕೆಯ ಮೂರು ತುಂಡುಗಳೂ ಬೆರಳುದ್ದ ಬಿಳಿ ಬೇರು ಬಿಟ್ಟಿವೆ. ಭದ್ರಮ್ಮ ದಿನಾ ಬಂದು ನೋಡುತ್ತಾರೆ, ಕೈಯ ಮಾತು ಎತ್ತುವುದಿಲ್ಲ. ನಿನಗೆ ಕೋಪ ಬರುತ್ತದೆ. ಬರಲಿ. ನಿನ್ನ ಒಂಬತ್ತನೆಯ ಅಪ್ಪಣೆ ಮೀರಿದ್ದು ನಾನು, ಬೇರೆ ಯಾರನ್ನೂ ಬಯ್ಯಬೇಡ.

ಅಧಿಕ ಮಾಸ ಮುಗಿಸಿಕೊಂಡು ನವರಾತ್ರಿಗೆ ಬಂದು ಸೇರು. ಮಗುವಿಗೆ ನನ್ನ ಹೆಸರಿನಲ್ಲಿ ದೃಷ್ಟಿ ತೆಗೆ. ಊರ್ಮಿಳೆಗೂ ಅಳಿಯನಿಗೂ ನಮ್ಮಿಬ್ಬರ ಆಶೀರ್ವಾದ. ನೀನೂ ಹೊತ್ತಿಗೆ ಸರಿಯಾಗಿ ಉಣ್ಣು, ಬಾಣಂತನ ಮಾಡುವವರನ್ನು ಯಾರೂ ವಿಚಾರಿಸುವುದಿಲ್ಲ, ನನಗೆ ಗೊತ್ತು.

ಇಂತು,
ಸೀತಾಲಕ್ಷ್ಮಿ

ಲಕೋಟೆ ಅಂಟಿಸುವ ಮೊದಲು ಇನ್ನೊಂದು. ಮೂರು ತುಂಡನ್ನು ಎರಡೆಂದು ಬರೆದಿದ್ದರೆ ನಿನಗೆ ಗೊತ್ತಾಗುತ್ತಿರಲಿಲ್ಲ. ಮೊದಲು ಹಾಗೇ ಬರೆದಿದ್ದೆ, ಆ ಹಾಳೆ ಹರಿದು ಹಾಕಿದೆ. ಬಂದಾಗ ಎಲ್ಲವನ್ನೂ ತೆಗೆದುಕೊಂಡು ಹೋಗು, ಅವು ನಿನ್ನವು. ಆದರೆ ಹೊರಡುವ ಮೊದಲು ಒಂದನ್ನು ಎಲೆ ಅಡಿಕೆ ಜೊತೆ ಇಟ್ಟು ನನಗೆ ಕೊಡು. ನೀನೇ, ನಿನ್ನ ಕೈಯಾರೆ. ಅತ್ತೆ ಕೊಡಲಿಲ್ಲ. ಚಿಕ್ಕದಾದರೂ ಆದೀತು. ಅದಕ್ಕೆ ಕುಂಡ ತಂದು ನೀರಲ್ಲಿ ನೆನೆಹಾಕಿ ಇಟ್ಟಿದ್ದೇನೆ. ಮಣ್ಣಿನದು. ಈ ಸಲ ಆತುರವಿಲ್ಲ, ನೀನು ಬರುವವರೆಗೆ ಅದು ಖಾಲಿಯೇ ಇರುತ್ತದೆ.